ಒಳಗಿನ ಅಳತೆ

ಮಂಗಳವಾರ, ಮಾರ್ಚ್ ೧೪

ಭಾವ ಇವತ್ತು ವ್ಯಾನಿನ ಸೈಲೆನ್ಸರ್ ಪೈಪಿಗಾಗಿ ಮೂರು ಸಲ ನನ್ನ ಬಿಡಿಭಾಗಗಳ ಅಂಗಡಿಗೆ ಬಂದರು. ಹೊಸ ತುಂಡು ಹಳೆಯದರ ಮೇಲೆ ಕೂರಬೇಕು, ಅದಕ್ಕೆ ಹಳೆಯ ಪೈಪಿನ ಹೊರಗಿನ ಅಳತೆ ಬೇಕು; ಇವರು ಒಳಗಿನ ಅಳತೆ ತಂದಿದ್ದರು. ಮೊದಲ ಸಲವೇ ನನಗೆ ಗೊತ್ತಾಯಿತು. ಆದರೂ ಎರಡು ಸಲವೂ ಕೇಳಿದ್ದನ್ನೇ ಕೊಟ್ಟು ಕಳಿಸಿದೆ. ಅಂಗಡಿ ತೆರೆದ ದಿನ, "ಇವಳಿಗೆ ನಟ್ಟು ಯಾವುದು, ಬೋಲ್ಟು ಯಾವುದು ಗೊತ್ತಾ?" ಎಂದು ಎಲ್ಲರೆದುರು ನಕ್ಕವರು ಇವರೇ.

ಮೂರನೇ ಸಲ ಮಸಿ ಕೈಯಲ್ಲೇ ನಿಂತು, "ಸೋತೆ ಕಣಮ್ಮ, ನೀನೇ ಬಂದು ಅಳೆದು ಕೊಡು" ಎಂದರು.

"ಗಿರಾಕಿಗಳು ಹೋಗಲಿ, ಕೂತಿರಿ ಭಾವ."

ಒಂದು ಗಂಟೆ ಕೂರಿಸಿದೆ. ಹಿತವಾಗಿತ್ತು.

ಅಳೆಯಲು ಹೊರಗೆ ಹೋದರೆ ವ್ಯಾನಿನಲ್ಲಿ ಅಕ್ಕ. ಮೂರು ಸಲವೂ, ಒಡೆದ ಪೈಪಿನಿಂದ ವ್ಯಾನಿನೊಳಗೆ ನುಗ್ಗುವ ಹೊಗೆಯಲ್ಲೇ ಜೊತೆಗೆ ಬಂದಿದ್ದಳಂತೆ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು.

"ನಿನಗೆ ತೊಂದರೆ ಕೊಟ್ವಲ್ಲೇ" ಎಂದಳು.

ಸರಿಯಾದ ಪೈಪು ಕೊಟ್ಟೆ. ಮೊದಲೇ ಗೊತ್ತಿತ್ತು ಎಂದು ಹೇಳಲಿಲ್ಲ. ಹೇಳುವುದೂ ಇಲ್ಲ.