ನಲವತ್ತು ಮಂದಿಗೆ ಒಂದೇ ಬ್ಯಾಗು

ರಾಯಚೂರು, ಬುಧವಾರ

ಅರಕೇರಾದ ನನ್ನ ಅಕ್ಕನಿಗೆ,

ಪೋಸ್ಟ್‌ಮ್ಯಾನ್ ಓದಿದರೆ ಓದಲಿ, ಹೇಳಿಯೇಬಿಡುತ್ತೇನೆ. ನಿನ್ನೆ ಯಾವುದೋ ಸಂಸ್ಥೆಯವರು ಕಾಲೇಜಿಗೆ ಬಂದು, ಹಳ್ಳಿಗಳಿಂದ ಬಂದ ನಮ್ಮಂಥ ನಲವತ್ತು ಮಂದಿಗೆ ಬ್ಯಾಗು ಹಂಚಿದರು. ಬರಬೇಕಿದ್ದ ಬ್ಯಾಗುಗಳು ದಾರಿಯಲ್ಲೇ ಉಳಿದವಂತೆ. ಹಾಗೆಂದು ಫೋಟೊ ನಿಲ್ಲುತ್ತದೆಯೇ? ನಮ್ಮ ಸರ್ ನನ್ನ ಹೆಗಲಿನಿಂದ, ನೀನು ಹೊಲಿದುಕೊಟ್ಟ ಬ್ಯಾಗನ್ನೇ ಇಳಿಸಿಕೊಂಡರು. ಒಳಗಿದ್ದ ರೊಟ್ಟಿ ಗಂಟು ತೆಗೆಯಲು ಹೋದೆ.

“ಇರ್ಲಿ ಬಿಡವ್ವಾ, ತುಂಬಿದಂಗ ಕಾಣ್ತದ” ಎಂದರು.

ಒಬ್ಬೊಬ್ಬರೂ ಅದನ್ನೇ ಪಡೆದು, ನಕ್ಕು, ವಾಪಸು ಕೊಟ್ಟರು. ನನ್ನ ಸರದಿ ಬಂದಾಗ ಅತಿಥಿಗಳು, “ಜ್ವಾಕ್ಯಾಗಿ ಇಟ್ಕೊಳವ್ವಾ, ಇಂಥಾದು ನಿಮ್ಮ ಹಳ್ಳ್ಯಾಗ ಸಿಗಂಗಿಲ್ಲ” ಎಂದರು.

“ಭಾಳ ಉಪಕಾರ ಆತ್ರಿ” ಎಂದು ಕೈಮುಗಿದೆ. ಬ್ಯಾಗು ಮುಟ್ಟಿತೆಂದು ಸಹಿಯನ್ನೂ ಹಾಕಿದೆ. ಆಮೇಲೆ, ಮಾನ್ವಿಯಲ್ಲೂ ಕಾರ್ಯಕ್ರಮವಿದೆಯೆಂದು ಅದನ್ನು ಜೀಪಿನಲ್ಲಿಟ್ಟುಕೊಂಡು ಹೊರಟೇಹೋದರು, ರೊಟ್ಟಿ ಸಮೇತ.

ಕೆಮ್ಮು ವಾಸಿಯಾಗಿದೆ, ಯವ್ವನಿಗೆ ಹೇಳು. ಇನ್ನೊಂದು ಬ್ಯಾಗು ಹೊಲಿದು ದೇವದುರ್ಗದ ಬಸ್ಸಿನಲ್ಲಿ ಕೊಟ್ಟು ಕಳಿಸು. ಈ ಸಲ ಅದರ ಮೇಲೆ ನನ್ನ ಹೆಸರನ್ನು ಕೆಂಪು ದಾರದಲ್ಲಿ ದೊಡ್ಡದಾಗಿ ಹೊಲಿ, ಫೋಟೊದಲ್ಲಿ ಕಾಣುವಷ್ಟು.

ಕಾರ್ಡು ಮುಗಿಯಿತು.
ನಿನ್ನ ತಂಗಿ ಕಲ್ಯಾಣಿ