ಹಿಂತಿರುಗಿದ ಕಿರೀಟ

ಕೆ. ಹೊಸಕೋಟೆ
೧೪-೧೧-೨೦೦೯

ಅತ್ತಿಗೆ ನಂಜಮ್ಮನವರ ಪಾದಕ್ಕೆ, ಊರ ನಾಟಕದ ಖಳನಾಯಕ ಪುಟ್ಟಸ್ವಾಮಿ ಶರಣು ಮಾಡಿ ಬರೆಯುವುದು.

ಪರಮಶಿವಣ್ಣನ ರಾಜಪಾರ್ಟಿನ ಕಿರೀಟ ಬಂದು ಸೇರಿತು. ಇನ್ನು ರಾಜ ನೀನೇ ಕಣಪ್ಪ ಅಂತ ಹೇಳಿ ಕಳಿಸಿದಿರಿ. ಮೂವತ್ತು ವರ್ಷ ಆ ಕಿರೀಟ ನೋಡಿ ಹೊಟ್ಟೆ ಉರಿದುಕೊಂಡವನು ನಾನು. ಪ್ರತಿ ನಾಟಕದಲ್ಲೂ ಅವನ ಕತ್ತಿಗೆ ನಾನು ಸಾಯಬೇಕು, ಶಿಳ್ಳೆ ಅವನಿಗೆ ಬೀಳಬೇಕು. ಇವತ್ತು ಅದು ನನ್ನ ಮಡಿಲಲ್ಲೇ ಇದೆ. ತಲೆಗೆ ಇಡಲು ಕೈ ಬರಲಿಲ್ಲ.

ಹಂದಿಜ್ವರ ಶುರುವಾದಾಗ ಹಾಸನದಿಂದ ಡಾಕ್ಟರ್ ಓದುವ ಹುಡುಗಿಯರು ಬಂದು ಶಾಲೆಯಲ್ಲಿ ಸಭೆ ಸೇರಿಸಿದರಲ್ಲ, ನೀವೂ ಇದ್ದಿರಿ. ಆಕ್ಸಿಜನ್ ಇರೋದು ಒಂದೇ ಹಾಸಿಗೆಗೆ, ಉಸಿರು ಕಟ್ಟಿದವರು ಇಬ್ಬರು, ಯಾರಿಗೆ ಕೊಡಬೇಕು ಹೇಳಿ ಅಂದರು. ಸಣ್ಣ ಮಕ್ಕಳ ತಾಯಿಗೆ ಕೊಡಿ, ಈ ಗಂಡಸರು ಇದ್ದು ಏನ್ ಕಡಿದು ಗುಡ್ಡೆ ಹಾಕ್ತಾರೆ ಅಂದಳು ರಾಮಮ್ಮ. ಮುದುಕರು ಬೇಡ ಅನ್ನೋದಾದ್ರೆ ಈಗಲೇ ಎದ್ದೋಗ್ತೀನಿ ಅಂತ ದ್ಯಾವಯ್ಯ ಟವೆಲ್ ಕೊಡವಿದ. ನಾನು ಮೈಕು ಪಕ್ಕಕ್ಕೆ ತಳ್ಳಿ ಗುಡುಗಿದೆ. ಆಲೂರು ಬಸ್ಸಿನ ಕಿಟಕಿಗೆ ಮೊದಲು ಟವೆಲ್ ಎಸೆದವನದೇ ಸೀಟು, ಮೊದಲು ಬಂದವನದೇ ಹಾಸಿಗೆ ಅಂದೆ. ಜನ ತಲೆದೂಗಿದರು. ಅಷ್ಟರಲ್ಲಿ ಪರಮಶಿವಣ್ಣ ಎದ್ದ. ಸರತಿ ನೋಡಬೇಡಿ, ಸಂಕಟ ನೋಡಿ, ಯಾರಿಗೆ ಉಸಿರು ಹೆಚ್ಚು ಕಟ್ಟೈತೋ ಅವನಿಗೆ ಕೊಡಿ ಅಂದ. ಇಡೀ ಶಾಲೆ ಚಪ್ಪಾಳೆ. ನನ್ನ ಮಾತನ್ನು ಆಮೇಲೆ ಯಾರೂ ನೆನೆಯಲಿಲ್ಲ.

ತಿಂಗಳೊಳಗೆ ಇಬ್ಬರಿಗೂ ಅದೇ ಜ್ವರ. ಒಂದೇ ಜೀಪಿನಲ್ಲಿ ಹೋದೆವು. ಆಸ್ಪತ್ರೆಯಲ್ಲಿ ಉಳಿದಿದ್ದದ್ದು ಆಕ್ಸಿಜನ್ನಿನ ಒಂದೇ ಹಾಸಿಗೆ. ಮೊದಲು ಇಳಿದು ಚೀಟಿ ಮಾಡಿಸಿದವನು ಅಣ್ಣ. ನನ್ನ ಮಾತಿನಂತೆ ಹಾಸಿಗೆ ಅವನದು. ಅವನ ಮಾತಿನಂತೆ ನನಗೆ ಸಿಕ್ಕಿತು. ಅವನು ಹೊರಗೆ ಬೆಂಚಿನ ಮೇಲೆ ಕೂತ. ಮಾರನೆಯ ದಿನ ಇನ್ನೊಂದು ಹಾಸಿಗೆ ಖಾಲಿಯಾಗುವಷ್ಟರಲ್ಲಿ ಅವನಿರಲಿಲ್ಲ.

ಪರಮಶಿವಣ್ಣ ಆಡಿದ ಮಾತಿಗೆ ಪ್ರಾಣ ಕೊಟ್ಟ ಅಂತ ಊರೆಲ್ಲ ಹೇಳುತ್ತಿದೆ. ಸತ್ತ ಮೇಲೂ ಚಪ್ಪಾಳೆ ಅವನಿಗೇ. ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ ಅತ್ತಿಗೆ, ಇಲ್ಲ ಅನ್ನಲಾರೆ. ಕಿರೀಟವನ್ನು ಈ ಕಾಗದದ ಜೊತೆಗೇ ವಾಪಸ್ಸು ಕಳಿಸಿದ್ದೇನೆ.

ಇಂತಿ,
ಅವನ ಕತ್ತಿಗೆ ಸಾಯಬೇಕಾಗಿದ್ದ
ಪುಟ್ಟಸ್ವಾಮಿ

ತಾ.ಕ.: ಡಾಕ್ಟರ ಮುಂದೆ ನಾನು ಎದೆ ಹಿಡಿದು ಏದುಸಿರು ಬಿಟ್ಟದ್ದು ಜ್ವರದಿಂದಲ್ಲ. ಕೊನೆಯ ಅಂಕದಲ್ಲಿ ಬಿಡುತ್ತಿದ್ದ ಅದೇ ಉಸಿರು. ಡಾಕ್ಟರು ನಂಬಿದರು. ಅಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, ಸಾಯೋ ಸೀನು ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ ಕಣೋ ಅಂದ. ಡಾಕ್ಟರಿಗೆ ಏನೂ ಹೇಳಲಿಲ್ಲ.