ಟೈರಿಗೆ ನಿಂಬೆಹಣ್ಣು, ಒಲೆಗೆ ಹಾಲು

೧೩ ಸೆಪ್ಟೆಂಬರ್ ೨೦೦೯, ಭಾನುವಾರ. ಪ್ಲೇನ್‌ಫೀಲ್ಡ್.

ಆ ಹಾಲಿನ ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ.

ಮಾರ್ಚಿನಲ್ಲಿ ಇವರ ಕೆಲಸ ಹೋದಾಗಿನಿಂದ ಈ ಮನೆಯ ಸಾಲದ ಕಂತು ಕಟ್ಟಿಲ್ಲ; ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತ ಹಳೇ ವ್ಯಾನೇ ಇವರಿಗೆ ಆಫೀಸು. ತಿಂಡಿ ಮುಗಿಸಿ ಡ್ರಿಲ್ ಹಿಡಿದು ಹೋದರೆ ಊಟಕ್ಕೆ ನಾನೇ ಕೂಗಿ ಕರೆಯಬೇಕು. ಒಳಗೆ ಮಂಚ ಹಾಕಿದರು, ಚಳಿ ತಡೆಯಲು ಗೋಡೆಗೆಲ್ಲ ಫೋಮ್ ಅಂಟಿಸಿದರು. ಬೇಸಿಗೆಯಲ್ಲಿ ಯೆಲ್ಲೋಸ್ಟೋನ್ ಪಾರ್ಕಿನ ಟ್ರಿಪ್ಪಿಗೆ ಎಂದಿದ್ದರು, ನಂಬಿದ್ದೆ. ಬೇಸಿಗೆಯ ಟ್ರಿಪ್ಪಿಗೆ ಚಳಿಯ ಚಿಂತೆ ಯಾಕೆ?

ಇವತ್ತು ಸಂಜೆ ಗ್ಯಾಸ್ ಒಲೆ ಕೂರಿಸಿದರು. ಪೈಪಿಗೆ ಸೋಪಿನ ನೀರು ಹಚ್ಚಿ, ಲೀಕ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನನ್ನು ಕರೆದರು.

"ವಸುಧಾ, ಪಾತ್ರೇಲಿ ಸ್ವಲ್ಪ ಹಾಲು ತಗೊಂಡ್ ಬಾ. ಉಕ್ಕಿಸೋಣ."

"ವ್ಯಾನ್ ಒಳಗಾ? ತಂದ ದಿನಾನೇ ಟೈರಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ವಲ್ಲ ರೀ. ಹಾಲು ಉಕ್ಕಿಸೋದು ಮನೆಗೆ."

"ಹೊಸ ಒಲೆ ಅಲ್ವೇನೇ" ಎಂದರು, ನನ್ನ ಮುಖ ನೋಡದೆ.

ಇರಬಹುದು. ಬರೀ ಒಲೆಗೇ ಇರಬಹುದು. ಈ ಮನೆಗೆ ಕಾಲಿಟ್ಟ ದಿನ ಇದೇ ಪಾತ್ರೆಯಲ್ಲಿ ಉಕ್ಕಿಸಿದ್ದು ಇವರಿಗೆ ನೆನಪಿದೆಯೋ ಇಲ್ಲವೋ. ಬಿಡಿಸಿ ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ಇಬ್ಬರೂ ಬಗ್ಗಿ ನಿಂತು ನೋಡುತ್ತಿದ್ದೆವು. ಹಾಲು ಅಂಚಿನವರೆಗೆ ಬಂತು. ಅಷ್ಟರಲ್ಲಿ ನನ್ನ ಕೈ ಒಲೆ ಆರಿಸಿಬಿಟ್ಟಿತು. ಹಾಲು ಮೆಲ್ಲಗೆ ಕೆಳಗಿಳಿಯಿತು.

ಯಾಕೆ ಆರಿಸಿದೆ ಎಂದು ಇವರು ಕೇಳಲೇ ಇಲ್ಲ.